ಜೆರ್ಸಿಗೆ ಮುತ್ತಿಟ್ಟು ಹೋದವನು ದ್ರೋಹಿಯಾ?

ಇವತ್ತು ರಾಜಕೀಯ ಪಕ್ಕಕ್ಕಿಡೋಣ. ಹಾಗಂತ ಚಾನೆಲ್ ಬದಲಾಯಿಸಬೇಡಿ, ಇವತ್ತಿನ ವಿಷಯದಲ್ಲೂ ಪಕ್ಷಾಂತರ ಇದೆ. ಕೋಟಿ ಕೋಟಿ ಹಣ ಇದೆ. "ನಾನೆಲ್ಲಿಗೂ ಹೋಗಲ್ಲ" ಅಂತ ಬೆಳಗ್ಗೆ ಹೇಳಿ ರಾತ್ರಿ ವಿಮಾನ ಹತ್ತುವವರೂ ಇದ್ದಾರೆ. ಇದು ಫುಟ್‌ಬಾಲ್ ಆಟಗಾರರ ವರ್ಗಾವಣೆಯ ಕಥೆ.

ಯುರೋಪಿನ ದೊಡ್ಡ ಲೀಗ್‌ಗಳು ಆಗಸ್ಟ್‌ನಿಂದ ಮೇ ತನಕ ನಡೆಯುತ್ತವೆ. ಮೇ ಮುಗೀತು ಅಂದ್ರೆ ಮೈದಾನಕ್ಕೆ ರಜೆ, ಸಂತೆ ಶುರು. ಒಂದು ಕ್ಲಬ್ ಬಿಟ್ಟು ಇನ್ನೊಂದಕ್ಕೆ ಹೋಗೋದಕ್ಕೆ ಬೇಸಿಗೆಯಲ್ಲಿ ಒಂದು ಅವಧಿ, ಜನವರಿಯಲ್ಲಿ ಇನ್ನೊಂದು ಅವಧಿ. ಅದಕ್ಕೆ ಟ್ರಾನ್ಸ್‌ಫರ್ ವಿಂಡೋ ಅಂತಾರೆ. ಆ ದಿನಗಳಲ್ಲಿ ನಮ್ಮ ಬೆಂಗಳೂರು, ಮಂಗಳೂರಿನ ಹುಡುಗರು ಕೂಡ ರಾತ್ರಿ ಎರಡು ಗಂಟೆವರೆಗೆ ಮೊಬೈಲ್ ಹಿಡ್ಕೊಂಡು ಕೂತಿರ್ತಾರೆ. ಇಟಲಿಯ ಫ್ಯಾಬ್ರಿಜಿಯೊ ರೊಮಾನೊ ಅನ್ನೋ ಪತ್ರಕರ್ತ 'ಹಿಯರ್ ವಿ ಗೋ' ಅಂತ ಮೂರೇ ಮೂರು ಪದ ಬರೆದರೆ ಸಾಕು, ಒಂದು ಊರಲ್ಲಿ ಪಟಾಕಿ, ಇನ್ನೊಂದು ಊರಲ್ಲಿ ಸೂತಕ.

ಆ ಸೂತಕದ ಮನೆಯಿಂದ ಬರೋ ಮೊದಲ ಮಾತು ಏನು ಗೊತ್ತಾ? "ದ್ರೋಹಿ." ನಿನ್ನೆವರೆಗೆ ಯಾರ ಹೆಸರಿನ ಜೆರ್ಸಿ ಹಾಕ್ಕೊಂಡಿದ್ದರೋ ಇವತ್ತು ಅದೇ ಜೆರ್ಸಿಗೆ ಬೆಂಕಿ. "ಉಂಡ ಮನೆಗೆ ಎರಡು ಬಗೆದ." ನನ್ನ ಪ್ರಶ್ನೆ ಇಷ್ಟೇ. ಈ ನಿಷ್ಠೆ ಅನ್ನೋದನ್ನ ನಾವು ಯಾರಿಂದ ಕೇಳ್ತಾ ಇದ್ದೀವಿ? ಯಾರಿಂದ ಕೇಳ್ತಾ ಇಲ್ಲ?

ಮೊದಲು ಗಾಳಿಸುದ್ದಿಯ ವಿಚಾರ ನೋಡೋಣ. ಗಾಳಿಸುದ್ದಿ ಅಂದ ಮಾತ್ರಕ್ಕೆ ಅದು ಗಾಳಿಯಲ್ಲಿ ಹುಟ್ಟಲ್ಲ. ಯಾರಿಗೋ ಲಾಭ ಇರುತ್ತೆ, ಅದಕ್ಕೇ ಹುಟ್ಟುತ್ತೆ. ಆಟಗಾರನ ಏಜೆಂಟ್‌ಗೆ ಸಂಬಳ ಜಾಸ್ತಿ ಮಾಡಿಸಬೇಕು, "ದೊಡ್ಡ ಕ್ಲಬ್ ಒಂದು ನಮ್ಮ ಹುಡುಗನ ಮೇಲೆ ಕಣ್ಣಿಟ್ಟಿದೆ" ಅಂತ ಬಿಡ್ತಾನೆ. ಮಾರೋ ಕ್ಲಬ್‌ಗೆ ಬೆಲೆ ಏರಬೇಕು, "ಮೂರು ಕಡೆಯಿಂದ ಕೇಳ್ತಿದ್ದಾರೆ" ಅಂತ ಅದೂ ಬಿಡುತ್ತೆ. ಸೋತು ಕೂತ ಕ್ಲಬ್‌ನ ಆಡಳಿತಕ್ಕೆ ಅಭಿಮಾನಿಗಳ ಸಿಟ್ಟು ತಣ್ಣಗಾಗಬೇಕು, "ದೊಡ್ಡ ಆಟಗಾರನ ಜೊತೆ ಮಾತುಕತೆ" ಅಂತ ಅವರೂ ಬಿಡ್ತಾರೆ. ಸುದ್ದಿ ಮಾಡೋರಿಗೆ ಪುಟ ತುಂಬಬೇಕು, ಪರದೆ ತುಂಬಬೇಕು. ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಜವಾಬ್ದಾರಿ ಮುಗೀತು.

2017ರ ಜುಲೈ 23. ಬಾರ್ಸಿಲೋನಾದ ಡಿಫೆಂಡರ್ ಜೆರಾರ್ಡ್ ಪಿಕೆ, ಸಹ ಆಟಗಾರ ನೇಮಾರ್ ಜೊತೆಗಿನ ಒಂದು ಫೋಟೊ ಹಾಕಿದ. ಜೊತೆಗೆ ಸ್ಪ್ಯಾನಿಷ್ ಭಾಷೆಯ ಎರಡು ಪದ. ಅರ್ಥ: "ಇವನು ಇಲ್ಲೇ ಇರ್ತಾನೆ." ಇದಕ್ಕಿಂತ ಖಚಿತ ಸುದ್ದಿ ಇನ್ನೇನು ಬೇಕು? ಒಂದೇ ಡ್ರೆಸ್ಸಿಂಗ್ ರೂಮಿನವನು, ಪಕ್ಕದಲ್ಲಿ ನಿಂತು ಹೇಳಿದ್ದು. ಸರಿಯಾಗಿ ಹನ್ನೊಂದು ದಿನ. ಆಗಸ್ಟ್ 3ಕ್ಕೆ ನೇಮಾರ್ ಪ್ಯಾರಿಸ್‌ನ ಪಿಎಸ್‌ಜಿ ಆಟಗಾರ. ಬೆಲೆ 222 ಮಿಲಿಯನ್ ಯೂರೋ, ಆಗಿನ ಲೆಕ್ಕದಲ್ಲಿ 1,600 ಕೋಟಿ ರೂಪಾಯಿಗೂ ಹೆಚ್ಚು. ಒಳಗಿನವನ ಮಾತೇ ಹೀಗಾದ ಮೇಲೆ, "ನಂಬಲರ್ಹ ಮೂಲಗಳ ಪ್ರಕಾರ" ಅನ್ನೋದಕ್ಕೆ ಎಷ್ಟು ಬೆಲೆ ಕೊಡಬೇಕು, ನೀವೇ ಲೆಕ್ಕ ಹಾಕಿ.

ಗಾಳಿಸುದ್ದಿ ಚುನಾವಣೆಯನ್ನೂ ಗೆಲ್ಲಿಸಿದೆ. ಸ್ಪೇನ್‌ನ ಬಾರ್ಸಿಲೋನಾ ಮತ್ತು ರಿಯಲ್ ಮ್ಯಾಡ್ರಿಡ್ ಕ್ಲಬ್‌ಗಳಿಗೆ ಒಬ್ಬ ಮಾಲೀಕ ಅಂತ ಇಲ್ಲ. ಸದಸ್ಯರೇ ಮಾಲೀಕರು, ಅವರೇ ವೋಟು ಹಾಕಿ ಅಧ್ಯಕ್ಷನನ್ನು ಆರಿಸ್ತಾರೆ. 2000ನೇ ಇಸವಿಯಲ್ಲಿ ಫ್ಲೊರೆಂಟಿನೊ ಪೆರೆಜ್ ಮ್ಯಾಡ್ರಿಡ್‌ನ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಪ್ರಣಾಳಿಕೆ ಏನು? ಕಡುವೈರಿ ಬಾರ್ಸಿಲೋನಾದ ತಾರೆ ಲೂಯಿಸ್ ಫಿಗೊನನ್ನೇ ತರ್ತೀನಿ. ತರದಿದ್ದರೆ ಸದಸ್ಯರ ಸೀಸನ್ ಟಿಕೆಟ್ ದುಡ್ಡು ನನ್ನ ಜೇಬಿಂದ. ಜನ ನಕ್ಕರು. ಫಿಗೊ ಕೂಡ ಇಲ್ಲೇ ಇರ್ತೀನಿ ಅಂದ. ಪೆರೆಜ್ ಗೆದ್ದರು. ಜುಲೈ ಮುಗಿಯೋದರೊಳಗೆ ಫಿಗೊ ಮ್ಯಾಡ್ರಿಡ್‌ನ ಬಿಳಿ ಅಂಗಿಯಲ್ಲಿದ್ದ. 2002ರ ನವೆಂಬರ್‌ನಲ್ಲಿ ಅವನು ಬಾರ್ಸಿಲೋನಾ ಮೈದಾನಕ್ಕೆ ಆಡೋಕೆ ಬಂದಾಗ ಗ್ಯಾಲರಿಯಿಂದ ಏನು ಬಿತ್ತು ಗೊತ್ತಾ? ಹಂದಿಯ ತಲೆ. ಆಮಿಷ ಒಡ್ಡಿ ಕರೆದೊಯ್ದ ಅಧ್ಯಕ್ಷರ ಮೇಲೆ ಬೀಳಲಿಲ್ಲ. ಅಷ್ಟು ದೊಡ್ಡ ಆಟಗಾರನನ್ನು ಉಳಿಸಿಕೊಳ್ಳಲಾಗದ ತಮ್ಮದೇ ಆಡಳಿತದ ಮೇಲೂ ಬೀಳಲಿಲ್ಲ. ಬಿದ್ದಿದ್ದು ಆಟಗಾರನ ಕಾಲ ಬಳಿ. ಈ ಲೆಕ್ಕ ನೆನಪಿಟ್ಟುಕೊಳ್ಳಿ.

ಈಗ ಕರಾರಿನ ವಿಚಾರಕ್ಕೆ ಬರೋಣ. ಆಟಗಾರನನ್ನು "ಮಾರಾಟ" ಮಾಡಿದರು ಅಂತ ನಾವು ಸಲೀಸಾಗಿ ಹೇಳ್ತೀವಿ. ನಿಜಕ್ಕೂ ಮಾರಾಟ ಆಗೋದು ಅವನ ಕರಾರು, ಅವನ ನೋಂದಣಿ. ಆ ವರ್ಗಾವಣೆ ಹಣ ಹೋಗೋದು ಕ್ಲಬ್‌ನಿಂದ ಕ್ಲಬ್‌ಗೆ. ಆಟಗಾರನಿಗೆ ಸಿಗೋದು ಅವನು ಹೊಸದಾಗಿ ಮಾತಾಡಿಕೊಂಡ ಸಂಬಳ. ಒಂದು ಕಾಲದಲ್ಲಿ ಇನ್ನೂ ಕಷ್ಟ ಇತ್ತು. ಕರಾರು ಮುಗಿದ ಮೇಲೂ ಆಟಗಾರ ಬಿಡುಗಡೆ ಇಲ್ಲದ ಜೀತದಾಳು!

ಇದನ್ನು ಮುರಿದವನು ಬೆಲ್ಜಿಯಂನ ಜೀನ್ ಮಾರ್ಕ್ ಬೋಸ್ಮನ್. ದೊಡ್ಡ ತಾರೆಯೇನಲ್ಲ. 1990ರಲ್ಲಿ ಲೀಜ್ ಕ್ಲಬ್ ಜೊತೆಗಿನ ಕರಾರು ಮುಗೀತು. ಕ್ಲಬ್ ಮುಂದಿಟ್ಟಿದ್ದು ಸಂಬಳ ಕಡಿತದ ಹೊಸ ಕರಾರು. ಅವನು ಫ್ರಾನ್ಸ್‌ನ ಡನ್‌ಕರ್ಕ್ ತಂಡಕ್ಕೆ ಹೋಗ್ತೀನಿ ಅಂದ. ಕ್ಲಬ್ ಬಿಡಲಿಲ್ಲ, ನಮಗೆ ವರ್ಗಾವಣೆ ಹಣ ಬರಲಿ ಅಂತು. ನೋಡಿ, ಕೆಲಸದ ಅವಧಿ ಮುಗಿದಿದೆ. ಸಂಬಳ ಪೂರ್ತಿ ಕೊಡಲ್ಲ, ಬೇರೆ ಕಡೆ ಹೋಗೋಕೂ ಬಿಡಲ್ಲ. ನಿಮ್ಮ ಕಂಪನಿ ನಿಮಗೆ ಹೀಗೆ ಮಾಡಿದರೆ ಸುಮ್ಮನಿರ್ತೀರಾ? ಅವನೂ ಸುಮ್ಮನಿರಲಿಲ್ಲ. ಐದು ವರ್ಷ ಕೋರ್ಟು ಸುತ್ತಿದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ತೀರ್ಪು ಕೊಡ್ತು. ಕರಾರು ಮುಗಿದ ಮೇಲೆ ಯುರೋಪಿಯನ್ ಒಕ್ಕೂಟದ ಆಟಗಾರ ಒಕ್ಕೂಟದ ಇನ್ನೊಂದು ದೇಶದ ಕ್ಲಬ್‌ಗೆ ಹೋಗೋದಕ್ಕೆ ಒಂದು ಪೈಸೆಯನ್ನೂ ಯಾರೂ ಕೇಳುವ ಹಾಗಿಲ್ಲ. ಇವತ್ತು ಯಾರಾದರೂ ತಾರೆ "ಫ್ರೀ ಟ್ರಾನ್ಸ್‌ಫರ್" ಅಂತ ಹೋದರೆ, ಅದರ ಹಿಂದೆ ಬೋಸ್ಮನ್ ಕಳೆದುಕೊಂಡ ವರ್ಷಗಳಿವೆ. ಕೇಸು ಗೆಲ್ಲೋ ಹೊತ್ತಿಗೆ ಅವನ ಆಟದ ವಯಸ್ಸು ಹೆಚ್ಚುಕಮ್ಮಿ ಮುಗಿದಿತ್ತು.

ಅಂದಮೇಲೆ ಈಗ ಕಾನೂನು ಹೇಳೋದೇನು? ಕರಾರು ಇರುವ ತನಕ ಆಡು, ಮುಗಿದ ಮೇಲೆ ನೀನು ಸ್ವತಂತ್ರ. ಮಧ್ಯದಲ್ಲಿ ಹೋಗಬೇಕಾದರೆ ಎರಡೂ ಕ್ಲಬ್ ಒಪ್ಪಬೇಕು, ಇಲ್ಲವೇ ಬಿಡುಗಡೆಯ ಮೊತ್ತ ಕಟ್ಟಬೇಕು. ನಮ್ಮ ಶಾಸಕರಿಗೂ ಜನ ಕೊಡೋದು ಐದು ವರ್ಷದ ಕರಾರೇ ಅಲ್ವಾ? ಅಲ್ಲಿ ಮಧ್ಯದಲ್ಲಿ ಬಿಟ್ಟು ರೆಸಾರ್ಟ್ ಸೇರಿದವರು ಮತದಾರನಿಗೆ ಏನು ಪರಿಹಾರ ಕಟ್ಟಿದ್ದಾರೆ? ಆ ಲೆಕ್ಕದಲ್ಲಿ ಫುಟ್‌ಬಾಲ್ ಆಟಗಾರನೇ ವಾಸಿ.

ಆದರೆ ಅಭಿಮಾನಿ ಹೇಳ್ತಾನೆ, "ಸರ್, ಕಾನೂನು ಬಿಡಿ, ನಿಷ್ಠೆ ಎಲ್ಲಿ?" ಸರಿ, ನಿಷ್ಠೆಯ ಬಗ್ಗೆನೇ ಮಾತಾಡೋಣ. ಅದಕ್ಕೆ ಲಿಯೊನೆಲ್ ಮೆಸ್ಸಿಗಿಂತ ದೊಡ್ಡ ಉದಾಹರಣೆ ಬೇಡ.

ಅರ್ಜೆಂಟೀನಾದ ರೊಸಾರಿಯೊ ಊರಿನ ಹುಡುಗ. ಬೆಳವಣಿಗೆಯ ಹಾರ್ಮೋನ್ ಕೊರತೆ, ದುಬಾರಿ ಚಿಕಿತ್ಸೆ. 2000ನೇ ಇಸವಿಯಲ್ಲಿ, 13ನೇ ವಯಸ್ಸಿಗೆ ಬಾರ್ಸಿಲೋನಾಕ್ಕೆ ಬಂದ. ಕ್ಲಬ್ ಮೀನಮೇಷ ಎಣಿಸ್ತಾ ಇತ್ತು, ಅಪ್ಪನ ತಾಳ್ಮೆ ಮುಗೀತಾ ಬಂದಿತ್ತು. ಆಗ ಡಿಸೆಂಬರ್ 14ರಂದು ಕ್ಲಬ್‌ನ ಕಾರ್ಲೆಸ್ ರೆಕ್ಸಾಚ್ ಕೈಗೆ ಸಿಕ್ಕ ಪೇಪರ್ ನ್ಯಾಪ್‌ಕಿನ್ ಮೇಲೆ "ಈ ಹುಡುಗನನ್ನು ತಗೋತೀವಿ" ಅಂತ ಬರೆದು ಸಹಿ ಹಾಕಿದರು. ಆ ನ್ಯಾಪ್‌ಕಿನ್ 2024ರಲ್ಲಿ ಹರಾಜಿಗೆ ಬಂತು. ಹೋಗಿದ್ದು 7,62,400 ಪೌಂಡ್‌ಗೆ, ಅಂದ್ರೆ ಸುಮಾರು 8 ಕೋಟಿ ರೂಪಾಯಿ.

ಕ್ಲಬ್ ಚಿಕಿತ್ಸೆಯ ಖರ್ಚು ನೋಡಿಕೊಳ್ತು. ಅದು ಋಣ ಹೌದು, ಇಲ್ಲ ಅನ್ನಲ್ಲ. ಆ ಋಣ ಅವನು ಹೇಗೆ ತೀರಿಸಿದ? 778 ಪಂದ್ಯ, 672 ಗೋಲು. ಸಾಕಲ್ವಾ?

2020ರ ಆಗಸ್ಟ್ 14, ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್. ಬಾಯರ್ನ್ ಮ್ಯೂನಿಕ್ ಎದುರು ಬಾರ್ಸಿಲೋನಾಕ್ಕೆ 8-2ರ ಸೋಲು. ಹನ್ನೊಂದು ದಿನ ಬಿಟ್ಟು ಮೆಸ್ಸಿ ಕ್ಲಬ್‌ಗೆ ಒಂದು ಅಧಿಕೃತ ಪತ್ರ ಕಳಿಸಿದ, ನಾನು ಹೋಗ್ತೀನಿ ಅಂತ. ಪ್ರತಿ ಸೀಸನ್ ಕೊನೆಗೆ ಉಚಿತವಾಗಿ ಹೋಗುವ ಅವಕಾಶ ಅವನ ಕರಾರಿನಲ್ಲಿತ್ತು. ಕ್ಲಬ್ ಹೇಳಿದ್ದೇನು? ಗಡುವು ಜೂನ್ 10ಕ್ಕೆ ಮುಗೀತು, ಹೋಗೋದಾದರೆ 700 ಮಿಲಿಯನ್ ಯೂರೋ ಕಟ್ಟಿ. ಅರೆ, ಕೋವಿಡ್‌ನಿಂದ ಸೀಸನ್ ಮುಗಿದದ್ದೇ ಆಗಸ್ಟ್‌ನಲ್ಲಿ! ಜೂನ್‌ನಲ್ಲಿ ಆಟ ಇನ್ನೂ ನಡೀತಾ ಇತ್ತು! ಅವನು ಕೋರ್ಟಿಗೆ ಹೋಗಬಹುದಿತ್ತು. ಹೋಗಲಿಲ್ಲ. ನನ್ನ ಬದುಕಿನ ಕ್ಲಬ್ ವಿರುದ್ಧ ಕೋರ್ಟು ಮೆಟ್ಟಿಲು ಹತ್ತಲ್ಲ ಅಂತ ಸೆಪ್ಟೆಂಬರ್ 4ರಂದು ಹೇಳಿ ಉಳಿದುಕೊಂಡ. ಆ ಹತ್ತು ದಿನ ಅವನನ್ನು ದ್ರೋಹಿ ಅಂದವರೂ ಇದ್ದರು.

ಅದೇ ಹೊತ್ತಿಗೆ ಕ್ಲಬ್ ಏನು ಮಾಡ್ತಾ ಇತ್ತು? ಲೂಯಿಸ್ ಸುವಾರೆಜ್. ಆರು ಸೀಸನ್, 198 ಗೋಲು, ಕ್ಲಬ್ ಇತಿಹಾಸದ ಮೂರನೇ ಅತಿ ಹೆಚ್ಚು ಗೋಲು ಹೊಡೆದವನು. ಅವನಿಗೆ ಹೊಸ ಕೋಚ್‌ನಿಂದ ಒಂದು ಚಿಕ್ಕ ಫೋನ್ ಕರೆ: ನೀನು ನನ್ನ ಲೆಕ್ಕದಲ್ಲಿ ಇಲ್ಲ. ಅಷ್ಟೇ. ಕರಾರು ಇನ್ನೂ ಬಾಕಿ ಇದ್ದವನನ್ನು ಕೆಲವೇ ಮಿಲಿಯನ್‌ಗೆ ಎದುರಾಳಿ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ದಾಟಿಸಿದರು. ಮುಂದಿನ ವರ್ಷ ಅವನು 21 ಗೋಲು ಹೊಡೆದು ಅಟ್ಲೆಟಿಕೊಗೆ ಲೀಗ್ ಪ್ರಶಸ್ತಿ ಗೆಲ್ಲಿಸಿಕೊಟ್ಟ. ಕೊನೆಯ ಪಂದ್ಯ ಮುಗಿದ ಮೇಲೆ ಮೈದಾನದಲ್ಲೇ ಕೂತು, ಮನೆಯವರಿಗೆ ಫೋನ್ ಹಚ್ಚಿ ಅತ್ತ. ಕ್ಲಬ್‌ನ ಕಡೆಯಿಂದ ಆದ ಇದಕ್ಕೆ ಯಾರೂ ದ್ರೋಹ ಅನ್ನಲಿಲ್ಲ. ಇದಕ್ಕೆ ಇಟ್ಟ ಹೆಸರು "ತಂಡದ ಪುನರ್‌ರಚನೆ." ಆಟಗಾರ ಬಿಟ್ಟು ಹೋದರೆ ದ್ರೋಹ, ಕ್ಲಬ್ ಬಿಟ್ಟು ಹಾಕಿದರೆ ಪುನರ್‌ರಚನೆ. ಭಾಷೆ ನೋಡಿ ಸ್ವಾಮಿ!

2021ರ ಆಗಸ್ಟ್. ಮೆಸ್ಸಿಯ ಕರಾರು ಜೂನ್ 30ಕ್ಕೆ ಮುಗಿದಿತ್ತು. ಈ ಸಲ ಅವನಿಗೆ ಉಳೀಬೇಕು. ಸಂಬಳ ಅರ್ಧಕ್ಕೆ ಇಳಿಸೋಕೂ ಒಪ್ಪಿದ. ಆದರೆ ಸ್ಪೇನ್ ಲೀಗ್‌ನಲ್ಲಿ, ಆದಾಯಕ್ಕೆ ತಕ್ಕಷ್ಟೇ ಸಂಬಳದ ಖರ್ಚು ಅನ್ನೋ ನಿಯಮ ಇದೆ. ಮೆಸ್ಸಿ ಇದ್ದರೆ ಸಂಬಳದ ಹೊರೆ ಆದಾಯದ ಶೇ. 110, ಇಲ್ಲದಿದ್ದರೂ ಶೇ. 95 ಅಂತ ಅಧ್ಯಕ್ಷ ಲಾಪೋರ್ಟಾ ಅವರೇ ಹೇಳಿದರು. ಅಂದ್ರೆ ನೂರು ರೂಪಾಯಿ ದುಡಿಯೋ ಮನೆಯಲ್ಲಿ ನೂರ ಹತ್ತು ರೂಪಾಯಿ ಸಂಬಳಕ್ಕೇ ಹೋಗ್ತಿದೆ. ಆಗಸ್ಟ್ 5ಕ್ಕೆ ಘೋಷಣೆ, 8ಕ್ಕೆ ಕಣ್ಣೀರಿನ ಸುದ್ದಿಗೋಷ್ಠಿ, 10ಕ್ಕೆ ಪ್ಯಾರಿಸ್. 21 ವರ್ಷದ ನಂಟು ಒಂದು ವಾರದಲ್ಲಿ ಕಳಚಿತು.

ನ್ಯಾಯವಾಗಿ ಮಾತಾಡಬೇಕು. ಮೆಸ್ಸಿ ಪಾಪದ ಬಡವನಲ್ಲ. ಅವನ ಹಿಂದಿನ ನಾಲ್ಕು ವರ್ಷದ ಕರಾರಿನ ಮೊತ್ತ ಗರಿಷ್ಠ 555 ಮಿಲಿಯನ್ ಯೂರೋ, ಸುಮಾರು 4,900 ಕೋಟಿ ರೂಪಾಯಿ ಅಂತ ಸ್ಪೇನ್‌ನ 'ಎಲ್ ಮುಂಡೊ' ಪತ್ರಿಕೆ ಬಯಲು ಮಾಡಿತು. ಆ ಹೊರೆಯಲ್ಲಿ ಅವನ ಪಾಲೂ ದೊಡ್ಡದೇ. ಆದರೆ ಆ ಕರಾರಿಗೆ ಸಹಿ ಹಾಕಿದ್ದು ಅವನೊಬ್ಬನೇನಾ? ಎದುರು ಕುರ್ಚಿಯಲ್ಲಿ ಕೂತು, ಖಜಾನೆಯ ಲೆಕ್ಕ ಗೊತ್ತಿದ್ದೂ ಸಹಿ ಹಾಕಿದ ಆಡಳಿತ ಯಾವುದು? ಇವತ್ತು ಆ ಹೆಸರುಗಳನ್ನು ಎಷ್ಟು ಅಭಿಮಾನಿಗಳು ಹೇಳ್ತಾರೆ?

"ಒಂದೇ ಕ್ಲಬ್‌ನಲ್ಲಿ ಬದುಕು ಕಳೆದವರಿಲ್ವಾ?" ಅಂತೀರಿ. ಇದ್ದಾರೆ. ಇಟಲಿಯ ಫ್ರಾನ್ಸೆಸ್ಕೊ ಟೋಟಿ. ರೋಮ್‌ನಲ್ಲಿ ಹುಟ್ಟಿ, ರೋಮಾ ಕ್ಲಬ್‌ಗೇ 1993ರಿಂದ 2017ರವರೆಗೆ ಆಡಿದ. 786 ಪಂದ್ಯ. ಅವನ ವಿದಾಯದ ದಿನ ಇಡೀ ಮೈದಾನ ಅತ್ತಿತು. ಆಮೇಲೆ ಅದೇ ಕ್ಲಬ್‌ನಲ್ಲಿ ಆಡಳಿತದ ಹುದ್ದೆ ಸಿಕ್ತು. 2019ರಲ್ಲಿ ಅದನ್ನೂ ಬಿಟ್ಟು ಬಂದ. ಕಾರಣ ಅವನೇ ಹೇಳಿದ್ದು: ಯಾವ ತೀರ್ಮಾನದಲ್ಲೂ ನನ್ನನ್ನು ಸೇರಿಸ್ತಿರಲಿಲ್ಲ. ಕಾಲು ಶತಮಾನದ ನಿಷ್ಠೆಗೆ ಸಿಕ್ಕಿದ್ದು ಕುರ್ಚಿ, ಮಾತಿಗೆ ಬೆಲೆ ಸಿಗಲಿಲ್ಲ.

ಇನ್ನು ನಮ್ಮ ಊರಿಗೆ ಬರೋಣ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಅದೇ ವರ್ಷ ಬಂದವರು ಸುನಿಲ್ ಚೆಟ್ರಿ. ಇವತ್ತು ಬೆಂಗಳೂರಿನ ಫುಟ್‌ಬಾಲ್ ಅಂದ್ರೆ ಚೆಟ್ರಿ, ಚೆಟ್ರಿ ಅಂದ್ರೆ ಕಂಠೀರವ. ನಾವು ನಿಷ್ಠೆಗೆ ಇನ್ನೊಂದು ಹೆಸರು ಅಂತ ಅವರನ್ನು ತೋರಿಸ್ತೀವಿ. ಆದರೆ ಬೆಂಗಳೂರಿಗೆ ಬರೋ ಮುಂಚೆ ಅವರು ಎಲ್ಲೆಲ್ಲಿ ಆಡಿದ್ದರು? ಮೋಹನ್ ಬಾಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕಾನ್ಸಾಸ್ ಸಿಟಿ, ಪೋರ್ಚುಗಲ್‌ನ ಸ್ಪೋರ್ಟಿಂಗ್ ಬಿ ತಂಡ. ಮೋಹನ್ ಬಾಗಾನ್‌ನಲ್ಲಿ ಆಡಿದವರು ಈಸ್ಟ್ ಬೆಂಗಾಲ್‌ಗೂ ಆಡಿದರು. ಕೋಲ್ಕತ್ತದಲ್ಲಿ ಅದು ಸಣ್ಣ ಮಾತಲ್ಲ. ಹಾಗಾದರೆ ಅವರು ದ್ರೋಹಿಯಾ? ಖಂಡಿತ ಅಲ್ಲ. ಕೆಲಸ ಹುಡುಕಿಕೊಂಡು ಊರೂರು ಸುತ್ತಿದ ವೃತ್ತಿಗಾರ. ಒಂದು ಕಡೆ ಗೌರವ, ಭದ್ರತೆ, ನಾಯಕತ್ವ ಸಿಕ್ಕಾಗ ನಿಂತರು. ನಿಷ್ಠೆ ಅನ್ನೋದು ಹೀಗೇ ಹುಟ್ಟೋದು.

ಹಿಂದೆ ಇದೇ ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ತಂಡಗಳಿದ್ದವು. ಆ ತಂಡಗಳಲ್ಲಿ ಆಡಿದರೆ ಆಟದ ಜೊತೆ ಕಾರ್ಖಾನೆಯಲ್ಲಿ ನೌಕರಿ, ತಿಂಗಳ ಸಂಬಳ, ಭವಿಷ್ಯ ನಿಧಿ. ಮಂಡಿಗೆ ಪೆಟ್ಟು ಬಿದ್ದರೂ ಮನೆ ನಡೆಯುತ್ತಿತ್ತು. ಅಂಥ ಕಡೆ ಆಟಗಾರ ಯಾಕೆ ಬಿಟ್ಟು ಹೋಗ್ತಾನೆ ಹೇಳಿ?

ಈಗ ನೋಡಿ. 2025ರಲ್ಲಿ ಇಂಡಿಯನ್ ಸೂಪರ್ ಲೀಗ್ ನಡೆಯುತ್ತೋ ಇಲ್ವೋ ಅನ್ನೋ ಸ್ಥಿತಿ ಬಂತು. ರಾಷ್ಟ್ರೀಯ ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿ ನಡುವಿನ ಒಪ್ಪಂದ ಡಿಸೆಂಬರ್‌ಗೆ ಮುಗಿಯೋದಿತ್ತು, ಮುಂದೇನು ಅನ್ನೋದು ತೀರ್ಮಾನ ಆಗಲಿಲ್ಲ. ಜುಲೈನಲ್ಲಿ ಲೀಗ್ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರು, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸ್ತು. ಕ್ಲಬ್‌ಗೂ ಕಷ್ಟ ಇದೆ, ಒಪ್ಪೋಣ. ಪಂದ್ಯ ಇಲ್ಲ ಅಂದ್ರೆ ಟಿಕೆಟ್ ಇಲ್ಲ, ಪ್ರಾಯೋಜಕರಿಲ್ಲ, ದುಡ್ಡೆಲ್ಲಿಂದ ಬರಬೇಕು? ಆದರೆ ಆಟಗಾರನ ಮನೆ ಬಾಡಿಗೆ, ಮಗುವಿನ ಶಾಲೆ ಫೀಸು ಅನಿರ್ದಿಷ್ಟ ಕಾಲಕ್ಕೆ ನಿಲ್ಲುತ್ತಾ? ತಾರೆಗಳಿಗೆ ಉಳಿತಾಯ ಇರುತ್ತೆ. ಬೆಂಚಲ್ಲಿ ಕೂತ ಇಪ್ಪತ್ತೊಂದು ವರ್ಷದ ಹುಡುಗನಿಗೆ? ತಂಡದ ಬಟ್ಟೆ ಒಗೆಯುವ, ಸ್ನಾಯು ತಿಕ್ಕುವ ಸಿಬ್ಬಂದಿಗೆ?

ಎರಡು ತಿಂಗಳ ಸಂಬಳ ಬಾಕಿ ಉಳಿದರೆ, ಲಿಖಿತವಾಗಿ 15 ದಿನದ ಗಡುವು ಕೊಟ್ಟು, ಆಮೇಲೂ ಕೊಡದಿದ್ದರೆ ಆಟಗಾರ ಕರಾರು ಮುರಿಯಬಹುದು ಅಂತ ಫಿಫಾ ನಿಯಮವೇ ಇದೆ. ಅಂಥ ನಿಯಮ ಬರೆಯಬೇಕಾಗಿ ಬಂತು ಅಂದ್ರೇನೆ ಅರ್ಥ ಮಾಡ್ಕೊಳ್ಳಿ, ಜಗತ್ತಿನಲ್ಲಿ ಎಷ್ಟು ಕಡೆ ಹೀಗಾಗ್ತಿರಬೇಕು. ಫುಟ್‌ಬಾಲ್ ಆಟಗಾರ ಅಂದ ತಕ್ಷಣ ನಮಗೆ ಮೆಸ್ಸಿ ಕಾಣ್ತಾನೆ. ಹೆಚ್ಚಿನವರು ಬೋಸ್ಮನ್‌ಗಳೇ. ಮೂವತ್ತೈದಕ್ಕೆ ಮುಗಿದುಹೋಗೋ ಕೆಲಸ. ಒಂದು ಕೆಟ್ಟ ಟ್ಯಾಕಲ್ ಬಿದ್ದರೆ ಇಪ್ಪತ್ತೈದಕ್ಕೇ ಮುಗೀತು. ಅವನು ಒಳ್ಳೇ ಸಂಬಳದ ಕರಾರು ಹುಡುಕಿ ಹೋದರೆ ಅದು ದುರಾಸೆ, ನಮ್ಮ ಮಗ ಕಂಪನಿ ಬದಲಾಯಿಸಿ ಶೇ. 40 ಹೆಚ್ಚು ಸಂಬಳ ತಗೊಂಡರೆ ಅದು ಪ್ರಗತಿ. ಯಾವ ನ್ಯಾಯ ಇದು?

ಹಾಗಾದರೆ ಆಟಗಾರನಿಂದ ಏನನ್ನೂ ಕೇಳಬಾರದಾ? ಕೇಳಬೇಕು, ಎರಡು ವಿಷಯ ಕೇಳಬೇಕು. ಒಂದು, ಅಂಗಿ ಮೈಮೇಲೆ ಇರೋ ತನಕ ಕಾಲು ಬಚ್ಚಿಡದೆ ಆಡು. ಮುಂದಿನ ವರ್ಷದ ಕ್ಲಬ್ ತಲೆಯಲ್ಲಿಟ್ಟುಕೊಂಡು ಇವತ್ತಿನ ಚೆಂಡಿಗೆ ಹಿಂಜರಿಯಬೇಡ. ಎರಡು, ಹೋಗೋದಾದರೆ ಮುಖ ನೋಡಿ ಹೇಳಿ ಹೋಗು. ಗೋಲು ಹೊಡೆದಾಗ ಜೆರ್ಸಿಯ ಲಾಂಛನಕ್ಕೆ ಮುತ್ತಿಡೋದು, ಅದೇ ವಾರ ಏಜೆಂಟ್ ಕೈಲಿ ಗಾಳಿಸುದ್ದಿ ಹರಡಿಸೋದು, ಇದು ಬೇಡ. ಇದು ಮಾಡಿದರೆ ಬೈಯಿರಿ, ನಾನೂ ನಿಮ್ಮ ಜೊತೆ ಬೈತೀನಿ. ಕರಾರು ಮುಗಿಸಿ, ಕೈ ಮುಗಿದು ಹೋದವನಿಗೆ ಬೈಬೇಡಿ.

ಅದೇ ಬಾಯಲ್ಲಿ ಕ್ಲಬ್‌ಗಳಿಗೂ ಕೇಳಿ. ಸಂಬಳ ಸರಿಯಾಗಿ ಕೊಡ್ತಿದ್ದೀರಾ? ಗಾಯಗೊಂಡ ಹುಡುಗನ ಕಥೆ ಏನು? ಕೊಡೋಕಾಗದ ಮೊತ್ತಕ್ಕೆ ಸಹಿ ಹಾಕಿದವರು ಯಾರು? ಮುಂದಿನ ಸಲ ಯಾವುದಾದರೂ ವರ್ಗಾವಣೆಯ ಗಾಳಿಸುದ್ದಿ ನಿಮ್ಮ ಮೊಬೈಲ್‌ಗೆ ಬಂದಾಗ, ಮುಂದಕ್ಕೆ ಕಳಿಸೋ ಮುಂಚೆ ಒಂದೇ ಪ್ರಶ್ನೆ ಹಾಕ್ಕೊಳ್ಳಿ: ಇದು ಹರಡಿದರೆ ಯಾರ ಜೇಬು ತುಂಬುತ್ತೆ?

ಕೊನೆಯದಾಗಿ ಒಂದು ಮಾತು. ಇಡೀ ಆಟದಲ್ಲಿ ಕರಾರಿಲ್ಲದೆ ಇರೋನು ಒಬ್ಬನೇ, ಅಭಿಮಾನಿ. ಅವನಿಗೆ ಬಿಡುಗಡೆಯ ಮೊತ್ತ ಇಲ್ಲ, ಏಜೆಂಟ್ ಇಲ್ಲ, ವಿಂಡೋ ಇಲ್ಲ. ಕೈಯಿಂದ ದುಡ್ಡು ಕೊಟ್ಟು, ಮಳೆಯಲ್ಲಿ ನೆನೆದು, ಸೋತರೂ ಮುಂದಿನ ವಾರ ಬರ್ತಾನೆ. ನಿಷ್ಠೆ ಅಂದ್ರೆ ಅದು. ಆದರೆ ನಮ್ಮಲ್ಲಿರೋದು ಪ್ರೀತಿ, ಅವರು ಮಾಡ್ತಿರೋದು ಕೆಲಸ. ನಮ್ಮ ಪ್ರೀತಿಯನ್ನು ಅವರ ಮೇಲಿನ ಸಾಲ ಅಂತ ಬರೆದುಕೊಳ್ಳೋದು ಬೇಡ.